ಅತಿಥಿಯೋ, ತೀರ್ಥಕಾಕನೋ?

ಒಂದು ರಾತ್ರಿಯ ವಾಸವನ್ನು ನಮ್ಮ ಶಾಸ್ತ್ರಕಾರರು ಎರಡು ಬಗೆಯಾಗಿ ಎಣಿಸಿದ್ದಾರೆ. ಗೃಹಸ್ಥನ ಮನೆಗೆ ಬಂದು ಒಂದೇ ರಾತ್ರಿ ತಂಗಿ ಹೋಗುವವನು ಅತಿಥಿ. ಅವನ ಇರವು ನಿತ್ಯವಲ್ಲವಾದುದರಿಂದಲೇ ಅವನಿಗೆ ಆ ಹೆಸರು ಸಂದಿತೆಂದು ಮನುಸ್ಮೃತಿಯ ಮೂರನೆಯ ಅಧ್ಯಾಯವು ಹೇಳುತ್ತದೆ. ಎರಡನೆಯ ದಿನವೂ ನಿಂತನಾದರೆ ಅವನು ನೆಂಟನಾದಾನು, ಆಶ್ರಿತನಾದಾನು, ಹೊರೆಯೂ ಆದಾನು. ಅತಿಥಿಯೆಂಬ ಹೆಸರಿಗೆ ಮಾತ್ರ ಅವನ ಹಕ್ಕು ಅಷ್ಟು ಗಟ್ಟಿಯಾಗಿ ಉಳಿಯದು. ಇಲ್ಲಿ ಅಲ್ಪವಾಸವೇ ಗೌರವಕ್ಕೆ ಕಾರಣ. ಇನ್ನು ವ್ಯಾಕರಣಶಾಸ್ತ್ರದಲ್ಲಿ 'ತೀರ್ಥಕಾಕ'ವೆಂಬ ಒಂದು ಸಮಾಸವುಂಟು. ನಿಂದೆಯ ಅರ್ಥದಲ್ಲಿ ಅದು ಸಾಧುವೆಂದು ಪಾಣಿನಿಯ ಮತ. ಪತಂಜಲಿ ಮಹರ್ಷಿಯು ಇದನ್ನು ವಿವರಿಸುವಾಗ, ತೀರ್ಥದ ಮೆಟ್ಟಿಲಿನ ಮೇಲೆ ಕಾಗೆಯು ಹೇಗೆ ಬಹುಕಾಲ ನಿಲ್ಲದೋ ಹಾಗೆ ಗುರುಕುಲಕ್ಕೆ ಹೋಗಿ ಅಲ್ಲಿ ಬಹುಕಾಲ ನಿಲ್ಲದ ಶಿಷ್ಯನನ್ನು ಈ ಹೆಸರಿನಿಂದ ಕರೆಯುತ್ತಾರೆಂದು ತಿಳಿಸಿದ್ದಾನೆ. ಇಲ್ಲಿ ಅದೇ ಅಲ್ಪವಾಸವು ನಿಂದೆಗೆ ಕಾರಣವಾಯಿತು. ಮನೆಯಲ್ಲಿ ಯಾವುದು ಶೋಭೆಯೋ ಗುರುಕುಲದಲ್ಲಿ ಅದೇ ಕೊರತೆ.

ಹಾಗಾದರೆ ಮನೆಯೂ ಗುರುಕುಲವೂ ಒಂದೇ ಆಗಿರುವ ಸ್ಥಳದಲ್ಲಿ ಒಂದು ರಾತ್ರಿ ತಂಗಿದವನನ್ನು ಏನೆಂದು ಕರೆಯತಕ್ಕದ್ದು? ಪಾಠಶಾಲೆಯಲ್ಲಿ ನಾವು ಹುಡುಗರಾಗಿದ್ದಾಗ ಇಂತಹ ಪ್ರಶ್ನೆಯನ್ನು ವಾಕ್ಯಾರ್ಥದ ವಿನೋದಕ್ಕಾಗಿ ಎತ್ತಿಕೊಳ್ಳುತ್ತಿದ್ದೆವು. ಆದರೆ ಇದು ಕೇವಲ ವಿನೋದದ ಪ್ರಶ್ನೆಯಲ್ಲ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯಗಳ ಪ್ರಾಚೀನ ಕಾಲೇಜುಗಳಲ್ಲಿ ಪ್ರತಿವರ್ಷವೂ ಸಾವಿರಾರು ಜನ ದಾರಿಹೋಕರು ಹಣ ಕೊಟ್ಟು ಒಂದೆರಡು ರಾತ್ರಿ ಮಲಗಿ ಎದ್ದು ಹೋಗುತ್ತಿದ್ದಾರೆ. ಕೇಂಬ್ರಿಡ್ಜಿನಲ್ಲಿ ವರ್ಷಕ್ಕೆ ಮೂರು ಪಾಠಕಾಲಗಳು. ಒಂದೊಂದೂ ಎಂಟು ವಾರದಷ್ಟು. ವರ್ಷದ 52 ವಾರಗಳಲ್ಲಿ ಸುಮಾರು 24 ವಾರ ಮಾತ್ರ ಪಾಠ. ಮಿಕ್ಕ ಕಾಲದಲ್ಲಿ ವಿದ್ಯಾರ್ಥಿಗಳ ಕೊಠಡಿಗಳು ಬಹುಮಟ್ಟಿಗೆ ಬರಿದಾಗಿರುತ್ತವೆ. ಬರಿದಾದ ಕೊಠಡಿಯೂ ಸೂರು ಸೋರುವುದನ್ನು ಬಿಡುವುದಿಲ್ಲವಾದುದರಿಂದ ಕಾಲೇಜುಗಳು ರಜದಲ್ಲಿ ಅವನ್ನು ಬಾಡಿಗೆಗೆ ಕೊಡುತ್ತವೆ. ಬೆಳಗಿನ ಫಲಾಹಾರವನ್ನು ಭೋಜನಶಾಲೆಯಲ್ಲಿ ಬಡಿಸುತ್ತವೆ. ಇಷ್ಟೇ ವ್ಯವಹಾರ. ಇದರಲ್ಲಿ ಧರ್ಮಪ್ರಶ್ನೆ ಏನಿದೆಯೆಂದು ಕೇಳುವವರು ಕೇಳಬಹುದು. ಇದೆಯೆಂದು ನನ್ನ ಅಭಿಪ್ರಾಯ.

ಅಲ್ಲಿ 'ಕಾಲೇಜು' ಎಂದರೆ ನಮ್ಮಲ್ಲಿಯಂತೆ ಹತ್ತು ಗಂಟೆಗೆ ಬಾಗಿಲು ತೆರೆದು ಐದು ಗಂಟೆಗೆ ಮುಚ್ಚುವ ಕಟ್ಟಡವಲ್ಲವೆಂಬುದನ್ನು ವಾಚಕರು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. 1209ರಲ್ಲಿ ಆಕ್ಸ್‌ಫರ್ಡನ್ನು ಬಿಟ್ಟುಬಂದ ಕೆಲವು ವಿದ್ವಾಂಸರಿಂದ ಕೇಂಬ್ರಿಡ್ಜಿನ ವಿದ್ಯಾಪೀಠವು ಮೊದಲಾಯಿತು. ಆ ಕಾಲದ ವಿದ್ಯಾರ್ಥಿಗಳು ಊರಿನವರ ಮನೆಗಳಲ್ಲಿ ಬಾಡಿಗೆಗೆ ಇದ್ದು, ಬಾಡಿಗೆಗಾಗಿ ಜಗಳವಾಡುತ್ತಿದ್ದರು. 1284ರಲ್ಲಿ ಈಲಿಯ ಬಿಷಪ್ಪನಾದ ಹ್ಯೂ ಡಿ ಬಾಲ್ಷಮ್ ಎಂಬವನು ಪೀಟರ್‌ಹೌಸ್ ಎಂಬ ಕಾಲೇಜನ್ನು ಸ್ಥಾಪಿಸಿದನು. ಹೆಸರಿನಲ್ಲಿಯೇ 'ಮನೆ' ಎಂಬ ಮಾತಿದೆ. ಒಂದು ಹೆಬ್ಬಾಗಿಲು, ಅದರ ಹಿಂದೆ ಚೌಕವಾದ ಅಂಗಳ, ಅಂಗಳದ ಸುತ್ತ ಮೆಟ್ಟಿಲುಸಾಲುಗಳು, ಒಂದೊಂದು ಮೆಟ್ಟಿಲುಸಾಲಿಗೂ ಎಡಬಲ ಕೊಠಡಿಗಳು, ಒಂದು ಪ್ರಾರ್ಥನಾಮಂದಿರ, ಒಂದು ಭೋಜನಶಾಲೆ, ಒಂದು ಪುಸ್ತಕಭಂಡಾರ. ಗುರುಗಳೂ ಶಿಷ್ಯರೂ ಒಂದೇ ಸೂರಿನ ಕೆಳಗೆ ಉಂಡು, ಮಲಗಿ, ಓದಿ, ಪ್ರಾರ್ಥಿಸುವುದೇ ಕಾಲೇಜೆಂಬುದರ ಮೂಲಾರ್ಥ. ಪಾಠವು ಅದರಲ್ಲಿ ಒಂದು ಅಂಶ, ವಾಸವೇ ಪ್ರಧಾನ. ನಮ್ಮ 'ಅಂತೇವಾಸಿ' ಎಂಬ ಪದಕ್ಕೂ ಇದೇ ಅರ್ಥವಲ್ಲವೆ?

ಇದಕ್ಕಿಂತ ವಿಚಿತ್ರವಾದ ಸಂಗತಿ ಇನ್ನೊಂದಿದೆ. ಅಲ್ಲಿಯ ಸೇಂಟ್ ಜಾನ್ಸ್ ಕಾಲೇಜು 1511ರಲ್ಲಿ ಹುಟ್ಟುವುದಕ್ಕೆ ಮೊದಲು ಅದೇ ನಿವೇಶನದಲ್ಲಿ ಸುಮಾರು ಮುನ್ನೂರು ವರ್ಷ ಬಡವರಿಗೂ ರೋಗಿಗಳಿಗೂ ಆಶ್ರಯವಾಗಿದ್ದ ಒಂದು ಧರ್ಮಶಾಲೆಯಿತ್ತು. ಧರ್ಮಶಾಲೆಯು ಕ್ಷೀಣಿಸಿತು, ಅದನ್ನು ಮುಚ್ಚಿ ವಿದ್ಯಾಶಾಲೆಯನ್ನು ಕಟ್ಟಿದರು. ಮಾಡ್ಲಿನ್ ಕಾಲೇಜು 1428ರಲ್ಲಿ ಓದಲು ಬರುವ ಸನ್ಯಾಸಿಗಳ ಬಿಡಾರವಾಗಿ ಮೊದಲಾಯಿತು. ಆ ಸನ್ಯಾಸಿಗಳು ಅನುಸರಿಸುತ್ತಿದ್ದ ಬೆನೆಡಿಕ್ಟನ ನಿಯಮಾವಳಿಯಲ್ಲಿ, ಬಂದ ಅತಿಥಿಯನ್ನು ಸಾಕ್ಷಾತ್ ಕ್ರಿಸ್ತನೆಂದೇ ಬರಮಾಡಿಕೊಳ್ಳಬೇಕೆಂಬ ವಿಧಿಯಿದೆ. ಆದುದರಿಂದ ದಾರಿಹೋಕನಿಗೆ ಹಾಸಿಗೆ ಹಾಕಿಕೊಡುವುದು ಇಂತಹ ಸ್ಥಳಗಳಿಗೆ ಈಚೆಗೆ ಅಂಟಿಕೊಂಡ ವ್ಯಾಪಾರಬುದ್ಧಿಯೆಂದು ಒಮ್ಮೆಗೇ ಹೇಳಿಬಿಡುವುದು ಸಾಧ್ಯವಿಲ್ಲ. ಕೆಲವು ಕಡೆ ಅದು ವಿದ್ಯೆಗಿಂತಲೂ ಹಳೆಯದು. ಹೊಸದಾಗಿ ಬಂದದ್ದು ಬೆಲೆಯ ಚೀಟಿ ಮಾತ್ರ.

ಎರಡು ವರ್ಷಗಳ ಕೆಳಗೆ ನನ್ನ ಮಗಳ ಸಂಸಾರವನ್ನು ನೋಡಲು ಆ ದೇಶಕ್ಕೆ ಹೋಗಿದ್ದಾಗ ಅಳಿಯಂದಿರು ನನಗಾಗಿ ಕೇಂಬ್ರಿಡ್ಜಿನ ಒಂದು ಹಳೆಯ ಕಾಲೇಜಿನಲ್ಲಿ ಒಂದು ರಾತ್ರಿಯ ವಾಸವನ್ನು ಗೊತ್ತುಮಾಡಿದ್ದರು. "ಮಾವನವರು ಜೀವಮಾನವೆಲ್ಲ ಪಾಠ ಹೇಳಿದವರು, ಹೋಟೆಲಿನಲ್ಲೇಕೆ ಮಲಗಬೇಕು?" ಎಂಬುದು ಅವರ ವಿನೋದ. ಹೆಬ್ಬಾಗಿಲಿನ ಪಕ್ಕದ ಕೋಣೆಯಲ್ಲಿ ಕುಳಿತಿದ್ದ ದ್ವಾರಪಾಲಕನು (ಅಲ್ಲಿ ಅವನಿಗೆ ಪೋರ್ಟರ್ ಎಂದು ಹೆಸರು) ನನ್ನ ಹೆಸರನ್ನು ಪಟ್ಟಿಯಲ್ಲಿ ನೋಡಿ ಬೀಗದ ಕೈಯನ್ನು ಕೊಟ್ಟನು. ಹುಲ್ಲಿನ ಮೇಲೆ ಕಾಲಿಡಬಾರದೆಂದು ಸೌಮ್ಯವಾಗಿ ಹೇಳಿದನು. ಆ ಹುಲ್ಲಿನ ಮೇಲೆ ನಡೆಯುವ ಅಧಿಕಾರವು ಕಾಲೇಜಿನ ಫೆಲೋಗಳೆಂಬ ಹಿರಿಯ ವಿದ್ವಾಂಸರಿಗೆ ಮಾತ್ರವಂತೆ. ನಮ್ಮಲ್ಲಿ ಮಡಿಯ ನಿಯಮಗಳನ್ನು ಕಂಡು ನಗುವ ಮಹನೀಯರು ಇದನ್ನೂ ಒಮ್ಮೆ ನೋಡಿಬರುವುದು ಒಳ್ಳೆಯದು. ಮೆಟ್ಟಿಲುಸಾಲಿನ ಬುಡದಲ್ಲಿ ಗೋಡೆಯ ಹಲಗೆಯ ಮೇಲೆ ಆ ವರ್ಷ ಅಲ್ಲಿದ್ದವರ ಹೆಸರುಗಳನ್ನು ಕಪ್ಪು ನೆಲದಲ್ಲಿ ಬಿಳಿಯ ಬಣ್ಣದಿಂದ ಬರೆದಿತ್ತು. ಹೊಸ ವರ್ಷಕ್ಕೆ ಹಳೆಯ ಹೆಸರನ್ನು ಅಳಿಸಿ ಹೊಸದನ್ನು ಬರೆಯುವರು. ನನ್ನ ಕೊಠಡಿಗೆ ಒಂದರ ಹಿಂದೊಂದು ಎರಡು ಬಾಗಿಲುಗಳು. ಹೊರಗಿನದಕ್ಕೆ 'ಓಕ್' ಎಂದು ಹೆಸರು. ಅದನ್ನು ಮುಚ್ಚಿದ್ದರೆ, ಒಳಗಿರುವವನು ಓದುತ್ತಿದ್ದಾನೆ, ತಟ್ಟಬೇಡಿರೆಂದು ಅರ್ಥ. ಒಳಗೆ ಕಿರಿದಾದ ಮಂಚ, ಒಂದು ಮೇಜು, ಪುಸ್ತಕಗಳಿಲ್ಲದ ಪುಸ್ತಕದ ಗೂಡು. ಮೇಜಿನ ಅಂಚಿನಲ್ಲಿ ಯಾವನೋ ಹುಡುಗನು ಲೇಖನಿಯಿಂದ ಗೀಚಿದ ಗೀಟುಗಳು. ರಾತ್ರಿ ಟ್ರಿನಿಟಿ ಕಾಲೇಜಿನ ಗಡಿಯಾರವು ಪ್ರತಿಯೊಂದು ಗಂಟೆಯನ್ನೂ ಎರಡೆರಡು ಸಲ, ಮೊದಲು ತಗ್ಗಿದ ಸ್ವರದಲ್ಲಿ, ಅನಂತರ ಏರಿದ ಸ್ವರದಲ್ಲಿ, ಹೊಡೆಯುತ್ತಿತ್ತು. ನಿದ್ರೆ ಬೇಗ ಬರಲಿಲ್ಲ. ಈ ಲೇಖನದ ವಿಚಾರಗಳು ಬಂದವು.

ಮೊದಲನೆಯ ಪೂರ್ವಪಕ್ಷವು ಹಣದ್ದು. ಬೆಲೆ ತೆತ್ತವನು ಅತಿಥಿಯಲ್ಲ, ಗಿರಾಕಿ. ಬೆಲೆ ತೆಗೆದುಕೊಂಡವನು ಆತಿಥೇಯನಲ್ಲ, ವರ್ತಕ. ವಿದ್ಯಾಸ್ಥಾನವು ವರ್ತಕವೃತ್ತಿಗೆ ಇಳಿಯುವುದು ಪತನವೇ ಸರಿ. ಹೀಗೆಂದು ನಮ್ಮ ಶಾಸ್ತ್ರಿಗಳೊಬ್ಬರು ವಾದಿಸಿದರು. ಕೇಳಲು ಈ ವಾದವು ಬಹಳ ಶುದ್ಧವಾಗಿದೆ. ಆದರೆ ವಿದ್ಯಾಸ್ಥಾನದ ಅನ್ನಕ್ಕೆ ಯಾರೂ ಯಾವಾಗಲೂ ಬೆಲೆ ತೆರದೆ ಇದ್ದುದುಂಟೆ? ನಮ್ಮ ವಿಜಯಪುರ ಸೀಮೆಯ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ, ಶಾಸನವೊಂದಿದೆ. ನಾನಾ ದೇಶಗಳಿಂದ ಓದಲು ಬಂದ ವಿದ್ಯಾರ್ಥಿಗಳು ಇಳಿದುಕೊಳ್ಳಲು ಅಲ್ಲಿ 27 ಮನೆಗಳನ್ನು ಬಿಡಲಾಗಿತ್ತು. ದೀಪಕ್ಕೆಂದು ಬೇರೆಯೇ ಭೂಮಿ, ಉಪಾಧ್ಯಾಯನಿಗೆ ಬೇರೆಯೇ ಭೂಮಿ. ಊರಿನ ಮದುವೆ, ಉಪನಯನ, ಚೌಲಗಳಲ್ಲಿ ಇಂತಿಷ್ಟು ಹಣವು ಆ ಶಾಲೆಗೆ ಸಲ್ಲತಕ್ಕದ್ದೆಂದೂ ಕಟ್ಟಳೆಯಿತ್ತು. ವಿದ್ಯಾರ್ಥಿಯು ಕೊಡಲಿಲ್ಲ, ನಿಜ. ಆ ಭೂಮಿಯನ್ನು ಉತ್ತವನು ಕೊಟ್ಟನು, ಮದುವೆಯ ಮನೆಯವನು ಕೊಟ್ಟನು. ನಾಲಂದದ ಭಿಕ್ಷುಗಳಿಗೆ ನೂರಕ್ಕೂ ಹೆಚ್ಚು ಗ್ರಾಮಗಳ ಉತ್ಪನ್ನವು ಸಲ್ಲುತ್ತಿತ್ತೆಂದು ಏಳನೆಯ ಶತಮಾನದಲ್ಲಿ ಅಲ್ಲಿ ವಾಸವಾಗಿದ್ದ ಹ್ಯುಯೆನ್‌ತ್ಸಾಂಗನ ಚರಿತ್ರೆಯಿಂದ ತಿಳಿಯುತ್ತದೆ. ಆ ಚೀನೀ ಯಾತ್ರಿಕನಿಗೆ ಅತಿಥಿಸತ್ಕಾರವಾಗಿ ದಿನದಿನವೂ ಮಹಾಶಾಲಿಯೆಂಬ ಉತ್ತಮವಾದ ಅಕ್ಕಿ, ಹಣ್ಣು, ಅಡಕೆ, ಜಾಯಿಕಾಯಿ, ಕರ್ಪೂರಗಳು ಬರುತ್ತಿದ್ದವು. ಆ ಕರ್ಪೂರದ ಬೆಲೆಯನ್ನು ಯಾತ್ರಿಕನು ತೆರಲಿಲ್ಲವೆಂದರೆ ಅದಕ್ಕೆ ಬೆಲೆಯೇ ಇರಲಿಲ್ಲವೆಂದಲ್ಲ. ಕೇಂಬ್ರಿಡ್ಜಿನ ಕಾಲೇಜುಗಳೂ ಇಂತಹ ದತ್ತಿಗಳಿಂದಲೇ ಬೆಳೆದವು. ಕಾರ್ಪಸ್ ಕ್ರಿಸ್ಟಿ ಕಾಲೇಜನ್ನು 1352ರಲ್ಲಿ ಕಟ್ಟಿಸಿದವರು ರಾಜರಲ್ಲ, ಬಿಷಪ್ಪರಲ್ಲ, ಆ ಊರಿನ ಪುರಜನರ ಸಂಘದವರು. ತಮ್ಮ ಆತ್ಮಗಳಿಗಾಗಿ ಪ್ರಾರ್ಥನೆ ನಡೆಯಬೇಕೆಂಬುದೂ ಅವರ ಅಪೇಕ್ಷೆಗಳಲ್ಲಿ ಒಂದಾಗಿತ್ತು. ಅವರೂ ಒಂದು ಬಗೆಯ ವಿನಿಮಯವನ್ನೇ ಮಾಡಿದರೆಂದು ಹೇಳಬಹುದು.

ಆದುದರಿಂದ ಬೆಲೆಯು ಇದೆಯೋ ಇಲ್ಲವೋ ಎಂಬುದಕ್ಕಿಂತ, ಬಾಗಿಲಿನಲ್ಲಿ ಏನನ್ನು ಕೇಳುತ್ತಾರೆಂಬುದೇ ನಿಜವಾದ ಪ್ರಶ್ನೆ. ಅತಿಥಿಧರ್ಮದಲ್ಲಿ ಬಹುಮುಖ್ಯವಾದ ಒಂದು ವಿಧಿಯುಂಟು: ಹಸಿದು ಬಂದವನ ಕುಲಗೋತ್ರಗಳನ್ನು ವಿಚಾರಿಸಕೂಡದು. ವಿದ್ಯಾಸ್ಥಾನಗಳಾದರೋ ಯಾವಾಗಲೂ ಬಾಗಿಲಿನಲ್ಲಿ ಏನನ್ನಾದರೂ ವಿಚಾರಿಸಿಯೇ ತೀರಿವೆ. ನಾಲಂದದ ಬಾಗಿಲಿನಲ್ಲಿ ದ್ವಾರಪಂಡಿತನು ಕಠಿಣವಾದ ಪ್ರಶ್ನೆಗಳನ್ನು ಕೇಳಿ, ವಾದಕ್ಕೆ ಬಂದ ಹತ್ತು ಜನರಲ್ಲಿ ಏಳೆಂಟು ಜನರನ್ನು ಹಿಂದಕ್ಕೆ ಕಳುಹಿಸುತ್ತಿದ್ದನಂತೆ. ಅದು ವಿದ್ಯೆಗೆ ತಕ್ಕ ಪ್ರಶ್ನೆ; ಹಿಂದಿರುಗಿದವನಿಗೆ ದುಃಖವಾದರೂ ಅವಮಾನವಿಲ್ಲ, ಓದಿಕೊಂಡು ಮತ್ತೆ ಬರಬಹುದು. ಕೇಂಬ್ರಿಡ್ಜಿನ ಬಾಗಿಲು ಕೇಳಿದ್ದು ಬೇರೆ. 1856ರವರೆಗೆ ಇಂಗ್ಲೆಂಡಿನ ರಾಜಮತಕ್ಕೆ ಸೇರದವನು ಅಲ್ಲಿ ಎಷ್ಟು ಓದಿದರೂ ಪದವಿಯನ್ನು ಪಡೆಯುವಂತಿರಲಿಲ್ಲ. ಫೆಲೋ ಪದವಿ ಮೊದಲಾದುವುಗಳಿಂದಲೂ ಮತದ ತಡೆಯು ತೊಲಗಲು 1871ರ ಕಾಯಿದೆ ಬರಬೇಕಾಯಿತು. ಸ್ತ್ರೀಯರ ವಿಷಯವು ಇದಕ್ಕಿಂತ ಖೇದಕರವಾದದ್ದು. ಅವರಿಗಾಗಿ 1869ರಲ್ಲಿ ಗರ್ಟನ್, 1871ರಲ್ಲಿ ನ್ಯೂನಮ್ ಎಂಬ ವಾಸಸ್ಥಾನಗಳು ಏರ್ಪಟ್ಟವು. ಅವರು ಓದಿದರು, ಪರೀಕ್ಷೆಯಲ್ಲಿ ತೇರ್ಗಡೆಯೂ ಆದರು. ಪದವಿ ಮಾತ್ರ ಕೊಡಲಿಲ್ಲ. 1897ರಲ್ಲಿ ಆ ವಿಷಯವು ಮತಕ್ಕೆ ಬಂದಾಗ ಬೈಸಿಕಲ್ ಏರಿದ ಹೆಂಗಸಿನ ಬೊಂಬೆಯೊಂದನ್ನು ಸೆನೇಟ್ ಭವನದ ಎದುರಿಗೆ ಬೀದಿಯ ಮೇಲೆ ತೂಗಹಾಕಿ ಗಂಡುಹುಡುಗರು ಹಾಸ್ಯಮಾಡಿದರು. 1921ರಲ್ಲಿ ಮತ್ತೆ ಸೋಲಾದಾಗ ಅವರದೊಂದು ಗುಂಪು ನ್ಯೂನಮ್ ಕಾಲೇಜಿನ ಕಬ್ಬಿಣದ ಬಾಗಿಲುಗಳನ್ನೇ ಜಖಂಗೊಳಿಸಿತು. ವಿದ್ಯೆಯ ಊರಿನಲ್ಲಿ ವಿದ್ಯಾರ್ಥಿಗಳೇ ವಿದ್ಯಾರ್ಥಿನಿಯರ ಬಾಗಿಲನ್ನು ಮುರಿದರು! 1948ರಲ್ಲಿ ಸ್ತ್ರೀಯರಿಗೆ ಪೂರ್ಣ ಪದವಿ ದೊರೆಯಿತು. ಆದರೂ ಗಂಡಸರ ಹಳೆಯ ಕಾಲೇಜುಗಳು ಅವರನ್ನು ವಾಸಕ್ಕೆ ಸೇರಿಸಿಕೊಳ್ಳತೊಡಗಿದ್ದು 1972ರಿಂದ ಈಚೆಗೆ. ಎಲ್ಲಕ್ಕೂ ಕಡೆಯದಾಗಿ ಮಾಡ್ಲಿನ್ ಕಾಲೇಜು 1988ರಲ್ಲಿ. ಸನ್ಯಾಸಿಗಳ ಬಿಡಾರವಾಗಿ ಹುಟ್ಟಿದ ಮನೆಗೆ ಆ ಸ್ವಭಾವವನ್ನು ಬಿಡಲು ಐನೂರ ಅರವತ್ತು ವರ್ಷ ಹಿಡಿಯಿತು.

ಇವುಗಳ ಪಕ್ಕದಲ್ಲಿಟ್ಟು ನೋಡಿದರೆ, ರಜದ ರಾತ್ರಿಗೆ ಬಾಗಿಲಿನಲ್ಲಿ ಕೇಳುವ 'ಹಣವುಂಟೋ?' ಎಂಬ ಪ್ರಶ್ನೆಯು ಎಷ್ಟು ಸಣ್ಣದು! ನನ್ನನ್ನು ಮತ ಯಾವುದೆಂದು ಕೇಳಲಿಲ್ಲ. ಲ್ಯಾಟಿನ್ ಬರುವುದೋ ಎಂದೂ ಕೇಳಲಿಲ್ಲ. ನನ್ನ ಸಂಗಡ ಬಂದ ಮಗಳನ್ನು, ನೀನು ಹೆಂಗಸು, ಹೊರಗೆ ನಿಲ್ಲೆನ್ನಲಿಲ್ಲ. ಗೋತ್ರವನ್ನು ಕೇಳದಿರುವ ವಿಧಿಯನ್ನು ಧರ್ಮವು ಪಾಲಿಸದಿದ್ದ ಸ್ಥಳದಲ್ಲಿ ವ್ಯಾಪಾರವು ಪಾಲಿಸಿತೆಂದು ಒಪ್ಪಿಕೊಳ್ಳಬೇಕಾಗಿದೆ. ಇದನ್ನು ಬರೆಯುವಾಗ ನನಗೆ ಪೂರ್ಣವಾದ ಸಂತೋಷವಿಲ್ಲ. ಹಣವೂ ಒಂದು ಗೋತ್ರವೇ. ಆ ಒಂದು ರಾತ್ರಿಗೆ ಅಳಿಯಂದಿರು ಕೊಟ್ಟದ್ದು ನಮ್ಮ ಊರಿನ ಒಬ್ಬ ಕೂಲಿಕಾರನ ಹಲವು ದಿನಗಳ ಗಳಿಕೆಯಾದೀತು. ಅವನಿಗೆ ಆ ಬಾಗಿಲು ನಾಲಂದದ ಬಾಗಿಲಿಗಿಂತ ಬಿಗಿಯಾಗಿ ಮುಚ್ಚಿದೆ, ಏಕೆಂದರೆ ಓದಿಕೊಂಡು ಬಂದರೂ ಅದು ತೆರೆಯದು. ಹಣದ ಪ್ರಶ್ನೆಯು ಅವಮಾನವನ್ನು ಕಡಮೆಮಾಡಿತು. ಆದರೆ ಬಂದವನು ಯಾರೆಂದು ತಿಳಿಯುವ ಆಸೆಯನ್ನೂ ಅದರೊಡನೆಯೇ ತೆಗೆದುಹಾಕಿತು. ಕುಲವನ್ನು ಕೇಳಬಾರದೆಂದ ಶಾಸ್ತ್ರವು ಕ್ಷೇಮವನ್ನು ಕೇಳಬೇಡವೆಂದು ಹೇಳಲಿಲ್ಲ.

ಈ ಭೇದವು ಎಷ್ಟು ದೊಡ್ಡದೆಂಬುದಕ್ಕೆ ಅದೇ ಊರಿನ ಒಂದು ದೃಷ್ಟಾಂತವಿದೆ. ಗಣಿತಜ್ಞ ಶ್ರೀನಿವಾಸ ರಾಮಾನುಜನ್ನರು 1914ರ ಏಪ್ರಿಲಿನಲ್ಲಿ ಇಂಗ್ಲೆಂಡನ್ನು ಸೇರಿದರು. ಕೆಲವು ಕಾಲದ ಮೇಲೆ ಅವರಿಗೆ ಟ್ರಿನಿಟಿ ಕಾಲೇಜಿಗೆ ಸೇರಿದ ಹ್ಯೂವೆಲ್ಸ್ ಕೋರ್ಟ್ ಎಂಬ ಕಟ್ಟಡದಲ್ಲಿ ಕೊಠಡಿ ದೊರೆಯಿತು. ಅವರನ್ನು ಕರೆಸಿಕೊಂಡವರು ಹಾರ್ಡಿಯಂತಹ ಮಹಾವಿದ್ವಾಂಸರು, ಗೌರವಕ್ಕೆ ಕೊರತೆಯಿರಲಿಲ್ಲ. ಆಚಾರನಿಷ್ಠರಾದ ಅವರು ಭೋಜನಶಾಲೆಗೆ ಹೋಗದೆ ಕೊಠಡಿಯಲ್ಲಿಯೇ ಅಡಿಗೆಮಾಡಿಕೊಳ್ಳುತ್ತಿದ್ದರು. ಆ ಕಾಲದಲ್ಲಿ ಕಿಂಗ್ಸ್ ಕಾಲೇಜಿನಲ್ಲಿ ಓದುತ್ತಿದ್ದ ಕಲ್ಕತ್ತೆಯ ಪ್ರಶಾಂತಚಂದ್ರ ಮಹಲನೋಬಿಸರು (ಮುಂದೆ ಸಂಖ್ಯಾಶಾಸ್ತ್ರದಲ್ಲಿ ಪ್ರಸಿದ್ಧರಾದವರು) ಒಂದು ದಿನ ಅವರ ಕೊಠಡಿಗೆ ಹೋದರು. ಚಳಿಯು ಬಲಿಯುತ್ತಿದ್ದ ಕಾಲ. ರಾಮಾನುಜನ್ನರು ಬೆಂಕಿಯ ಹತ್ತಿರ ಕುಳಿತಿದ್ದರು. ರಾತ್ರಿ ಬೆಚ್ಚಗಿರುತ್ತದೆಯೇ ಎಂದು ಮಹಲನೋಬಿಸರು ವಿಚಾರಿಸಿದಾಗ, ದೊಡ್ಡ ಕೋಟನ್ನು ಹಾಕಿಕೊಂಡು ಶಾಲು ಸುತ್ತಿಕೊಂಡು ಮಲಗಿದರೂ ಚಳಿಯಾಗುತ್ತದೆಯೆಂಬ ಉತ್ತರ ಬಂದಿತು. ಮಹಲನೋಬಿಸರು ಎದ್ದು ಮಲಗುವ ಕೋಣೆಗೆ ಹೋಗಿ ನೋಡಿದರು. ಮಂಚದ ಮೇಲೆ ಕಂಬಳಿಗಳು ಬೇಕಾದಷ್ಟಿದ್ದವು. ಆದರೆ ಆ ದೇಶದ ಕ್ರಮದಂತೆ ಅವನ್ನು ಹಾಸಿಗೆಯ ಕೆಳಕ್ಕೆ ಬಿಗಿಯಾಗಿ ಸಿಕ್ಕಿಸಿ, ಮೇಲೊಂದು ತೆಳ್ಳನೆಯ ಹೊದಿಕೆಯನ್ನು ಹರಡಿತ್ತು. ಆ ಕಂಬಳಿಗಳನ್ನು ಮಗುಚಿ ಅವುಗಳ ಒಳಗೆ ಸೇರಿಕೊಳ್ಳಬೇಕೆಂಬುದು ರಾಮಾನುಜನ್ನರಿಗೆ ತಿಳಿದಿರಲಿಲ್ಲ. ಅವರು ಆ ತೆಳ್ಳನೆಯ ಹೊದಿಕೆಯ ಕೆಳಗೆ, ಕಂಬಳಿಗಳ ಮೇಲೆ, ಮಲಗುತ್ತಿದ್ದರು. ಮಹಲನೋಬಿಸರು ಕಂಬಳಿಯನ್ನು ಎತ್ತಿ, ಹೀಗೆ ಒಳಗೆ ಹೋಗಬೇಕೆಂದು ತೋರಿಸಿಕೊಟ್ಟರು. ಈ ಸಂಗತಿಯನ್ನು ಅವರೇ ತಮ್ಮ ನೆನಪುಗಳಲ್ಲಿ ತಿಳಿಸಿದ್ದಾರೆ.

ಇದನ್ನು ಓದಿ ನಗುವವರುಂಟು. ನನಗೆ ನಗು ಬರುವುದಿಲ್ಲ. ಕಾಲೇಜು ಮಂಚವನ್ನು ಕೊಟ್ಟಿತ್ತು, ಹಾಸಿಗೆಯನ್ನು ಕೊಟ್ಟಿತ್ತು, ಕಂಬಳಿಗಳನ್ನೂ ಕೊಟ್ಟಿತ್ತು. ಯಾರ ತಪ್ಪೆಂದು ಹೇಳೋಣ? ಕೊಡತಕ್ಕದ್ದನ್ನೆಲ್ಲ ಕೊಟ್ಟಾಗಿತ್ತು. ಜಗತ್ತಿನ ಅತ್ಯಂತ ಸೂಕ್ಷ್ಮವಾದ ಗಣಿತವನ್ನು ಅವರೊಡನೆ ಚರ್ಚಿಸಿದವರು ಹಲವರು. ರಾತ್ರಿ ಚಳಿಯಾಗುತ್ತದೆಯೇ ಎಂದು ಕೇಳಿ, ಎದ್ದು ಹೋಗಿ ಹಾಸಿಗೆಯನ್ನು ನೋಡಿದವನು ತಾನೂ ಪರದೇಶದಿಂದ ಬಂದ ಒಬ್ಬ ಹುಡುಗ. ಅಂದು ಆ ಕೊಠಡಿಯಲ್ಲಿ ಗೃಹಸ್ಥನ ಸ್ಥಾನದಲ್ಲಿ ನಿಂತವನು ಮನೆಯವನಲ್ಲ, ಇನ್ನೊಬ್ಬ ಅತಿಥಿ. ಇಂಬು ಕೊಡುವುದು ಬೇರೆ, ಬರಮಾಡಿಕೊಳ್ಳುವುದು ಬೇರೆಯೆಂಬುದು ಇಲ್ಲಿ ಕಣ್ಣಿಗೆ ಕಟ್ಟಿದಂತೆ ತೋರುತ್ತದೆ. ಇಂಬನ್ನು ಹಣಕ್ಕೂ ಕೊಡಬಹುದು, ದತ್ತಿಯಿಂದಲೂ ಕೊಡಬಹುದು, ಎರಡರಲ್ಲಿಯೂ ಕಂಬಳಿಯು ಬಿಗಿಯಾಗಿ ಸಿಕ್ಕಿಸಿಯೇ ಇರುತ್ತದೆ. 1917ರಲ್ಲಿ ರಾಮಾನುಜನ್ನರಿಗೆ ಟ್ರಿನಿಟಿಯ ಫೆಲೋ ಪದವಿ ಸಿಕ್ಕಲಿಲ್ಲ. 1918ರಲ್ಲಿ, ರಾಯಲ್ ಸೊಸೈಟಿಯು ಅವರನ್ನು ಗೌರವಿಸಿದ ತರುವಾಯ, ಸಿಕ್ಕಿತು. ಹುಲ್ಲಿನ ಮೇಲೆ ನಡೆಯುವ ಅಧಿಕಾರವು ಬರುವ ವೇಳೆಗೆ ಶರೀರವು ರೋಗಕ್ಕೆ ವಶವಾಗಿತ್ತು. 1919ರಲ್ಲಿ ಸ್ವದೇಶಕ್ಕೆ ಹಿಂದಿರುಗಿ 1920ರ ಏಪ್ರಿಲ್ 26ರಂದು ಮೂವತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡರು.

ಇನ್ನು ಎರಡನೆಯ ಪೂರ್ವಪಕ್ಷಕ್ಕೆ ಬರುವೆನು. ಒಂದು ರಾತ್ರಿ ಮಲಗಿ ಎದ್ದು ಬಂದವನು ತೀರ್ಥಕಾಕನಲ್ಲವೆ? ಇದಕ್ಕೆ ವೈಯಾಕರಣರ ರೀತಿಯಲ್ಲಿಯೇ ಉತ್ತರ ಹೇಳಬಹುದು. ನಿಂದೆಯು ಕಾಗೆಯ ಅಲ್ಪವಾಸಕ್ಕಲ್ಲ, ಶಿಷ್ಯನೆಂಬ ಹೆಸರಿಟ್ಟುಕೊಂಡವನ ಅಲ್ಪವಾಸಕ್ಕೆ. ಶಿಷ್ಯನೆಂದು ಹೇಳಿಕೊಳ್ಳದವನಿಗೆ ಆ ದೋಷವು ತಗಲದು. ಅಲ್ಲಿಗೆ ಬರುವವರಲ್ಲಿ ಬಹುಮಂದಿ ತಾವು ನೋಡುವುದಕ್ಕೆ ಬಂದವರೆಂದೇ ಪ್ರಾಮಾಣಿಕವಾಗಿ ಹೇಳುತ್ತಾರೆ. ಚಿತ್ರ ತೆಗೆದುಕೊಳ್ಳುತ್ತಾರೆ, ಉಪಾಹಾರ ಮಾಡುತ್ತಾರೆ, ಹೋಗುತ್ತಾರೆ. ಅವರಲ್ಲಿ ನನಗೆ ದೋಷ ತೋರುವುದಿಲ್ಲ. ಮಂಚದಿಂದ ವಿದ್ಯೆಯು ಏರಿಬರುವುದಾಗಿದ್ದರೆ ಕಾಲೇಜಿನ ಇಲಿಗಳೆಲ್ಲವೂ ಪಂಡಿತರಾಗಬೇಕಾಗಿತ್ತು. ಆದರೆ ಊರಿಗೆ ಬಂದ ಮೇಲೆ ಒಂದು ಸೂಕ್ಷ್ಮವಾದ ಬದಲಾವಣೆಯು ಆರಂಭವಾಗುತ್ತದೆ. "ನಾನು ಕೇಂಬ್ರಿಡ್ಜಿನಲ್ಲಿದ್ದಾಗ" ಎಂದು ಮಾತು ಪ್ರಾರಂಭವಾಗುತ್ತದೆ. ಮಾತು ಸುಳ್ಳಲ್ಲ, ವ್ಯಾಕರಣದೋಷವೂ ಇಲ್ಲ, ಕೇಳಿದವನು ಏನೆಂದು ತಿಳಿಯುವನೋ ಅದು ಮಾತ್ರ ಸುಳ್ಳು. ಊಟಕ್ಕಾಗಿ ತನ್ನ ಕುಲಗೋತ್ರಗಳನ್ನು ಹೊಗಳಿಕೊಳ್ಳುವವನನ್ನು ಶಾಸ್ತ್ರವು 'ವಾಂತಾಶಿ' ಎಂಬ ಬಹು ಕಠಿಣವಾದ ಹೆಸರಿನಿಂದ ಕರೆದಿದೆ. ಅವನಾದರೋ ತನ್ನದೇ ಕುಲವನ್ನು ಹೇಳಿಕೊಳ್ಳುತ್ತಾನೆ. ಇವನು ಒಂದು ರಾತ್ರಿಗೆ ಬಾಡಿಗೆಗೆ ತಂದ ಕುಲವನ್ನು ಹೇಳಿಕೊಳ್ಳುತ್ತಾನೆ. ಇಂತಹವರು ನಮ್ಮ ಜಿಲ್ಲೆಯಲ್ಲಿಯೂ ಇದ್ದಾರೆಂದು ಹೇಳಿದರೆ ಸಂಪಾದಕರು ಅದನ್ನು ಅಚ್ಚುಹಾಕುವರೋ ಇಲ್ಲವೋ ತಿಳಿಯದು.

ಬಹುಕಾಲ ನಿಂತವರೆಲ್ಲರೂ ಉತ್ತಮರಾದ ಅತಿಥಿಗಳೆಂದೂ ಎಣಿಸಬಾರದು. ಎರಾಸ್ಮಸ್ ಎಂಬ ಮಹಾಪಂಡಿತನು 1511ರಿಂದ 1514ರವರೆಗೆ ಕ್ವೀನ್ಸ್ ಕಾಲೇಜಿನಲ್ಲಿದ್ದನು. ಗ್ರೀಕ್ ಭಾಷೆಯನ್ನು ಪಾಠ ಹೇಳಿದನು. ಅದರ ಸಂಗಡ, ಅಲ್ಲಿಯ ಬಿಯರ್ ತನಗೆ ಒಗ್ಗದೆಂದು ಸ್ನೇಹಿತನಿಗೆ ಪತ್ರಗಳಲ್ಲಿ ದೂರಿಕೊಂಡು ಒಳ್ಳೆಯ ದ್ರಾಕ್ಷಾಮದ್ಯವನ್ನು ತರಿಸಿಕೊಳ್ಳಲು ಯತ್ನಿಸಿದನು. ಕಾಲೇಜಿನವರು ಇಂದಿಗೂ ಅವನ ಹೆಸರನ್ನು ಹೆಮ್ಮೆಯಿಂದ ಹೇಳುತ್ತಾರೆ. ದೊಡ್ಡವರ ಗೊಣಗಾಟವೂ ಐನೂರು ವರ್ಷ ಕಳೆದರೆ ಭೂಷಣವಾಗುತ್ತದೆ.

ಅತಿಥಿಯ ವಿಚಾರವು ಇಷ್ಟಾಯಿತು. ಆದರೆ ಅತಿಥಿಗೆ ಎದುರಾಗಿ ಗೃಹಸ್ಥನೊಬ್ಬನು ಬೇಕಷ್ಟೆ. ಆ ಮನೆಯ ಗೃಹಸ್ಥನು ಯಾರು? ಸ್ಥಾಪಕನು ಸತ್ತು ಏಳುನೂರು ವರ್ಷಗಳಾದವು. ವಿದ್ಯಾರ್ಥಿಯು ಮೂರು ವರ್ಷವಿದ್ದು ಹೋಗುತ್ತಾನೆ. ಗೋಡೆಯ ಮೇಲಿನ ಅವನ ಹೆಸರನ್ನು ಅಳಿಸುತ್ತಾರೆ. ಫೆಲೋಗಳೂ ಅಧ್ಯಕ್ಷನೂ ಇಷ್ಟು ಕಾಲಕ್ಕೆಂದು ಬಂದವರೇ. ಕಾನೂನಿನ ಪ್ರಕಾರ ಕಾಲೇಜೆಂಬುದು ಮರಣವಿಲ್ಲದ ಒಂದು ಸಮುದಾಯಪುರುಷ; ಭೂಮಿಯು ಅದರ ಹೆಸರಿನಲ್ಲಿದೆ, ಮುದ್ರೆಯು ಅದರ ಹೆಸರಿನಲ್ಲಿದೆ. ಆದರೆ ಆ ಪುರುಷನಿಗೆ ಕೈಗಳಿಲ್ಲ, ಕಂಬಳಿಯನ್ನು ಮಗುಚಿ ತೋರಿಸಲಾರನು. ಹೀಗೆ ನೋಡಿದರೆ ಅಲ್ಲಿ ಇರುವವರೆಲ್ಲರೂ ಅತಿಥಿಗಳೇ, ಕೆಲವರದು ಒಂದು ರಾತ್ರಿ, ಕೆಲವರದು ಮೂರು ವರ್ಷ, ಕೆಲವರದು ಮೂವತ್ತು ವರ್ಷ. ಈ ವಿಚಾರವು ನನಗೆ ಆ ರಾತ್ರಿ ಬಹಳ ಸಮಾಧಾನವನ್ನು ತಂದಿತು. ಬೆಳಗಾದ ಮೇಲೆ ಅದು ಅಷ್ಟೇನೂ ಸರಿಯಲ್ಲವೆಂದು ತೋರಿತು.

ಏಕೆಂದರೆ, ಕೈಗಳುಳ್ಳವರು ಅಲ್ಲಿ ಬೇರೆ ಇದ್ದಾರೆ. ಕೊಠಡಿಯನ್ನು ಗುಡಿಸಿ ಹಾಸಿಗೆಯನ್ನು ಸರಿಪಡಿಸುವ ಹೆಂಗಸರಿಗೆ ಆ ಊರಿನಲ್ಲಿ 'ಬೆಡ್ಡರ್' ಎಂದು ಹೆಸರು. ಸ್ತ್ರೀಯರಿಗೆ ಪದವಿಯನ್ನು ಕೊಡಲೊಲ್ಲದಿದ್ದ ಕಾಲದಲ್ಲಿಯೂ ಆ ಹೆಂಗಸರಿಗೆ ಪ್ರತಿದಿನ ಬೆಳಿಗ್ಗೆ ಬಾಗಿಲು ತೆರೆಯುತ್ತಿತ್ತೆಂಬುದನ್ನು ಮರೆಯಬಾರದು. ರಾಮಾನುಜನ್ನರ ಕಂಬಳಿಗಳನ್ನು ಅಷ್ಟು ಬಿಗಿಯಾಗಿ ಸಿಕ್ಕಿಸಿದವಳೂ ಅಂತಹವಳೊಬ್ಬಳೇ ಇರಬೇಕು. ಅವಳು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿದ್ದಳು. ಅವಳಿಗೂ ಆ ಕೊಠಡಿಯವರಿಗೂ ನಡುವೆ ಮಾತಿಗೆ ಅವಕಾಶವಿರಲಿಲ್ಲವೆಂದು ತೋರುತ್ತದೆ. ಇದ್ದಿದ್ದರೆ, ಮೊದಲ ವಾರದಲ್ಲಿಯೇ ಗೊತ್ತಾಗುತ್ತಿತ್ತು. ಇಂದು ರಜದ ದಿನಗಳಲ್ಲಿ ದಾರಿಹೋಕನನ್ನು ಬರಮಾಡಿಕೊಳ್ಳುವವರು ಪೋರ್ಟರ್, ಬೆಡ್ಡರ್, ಅಡಿಗೆಮನೆಯವರು, ಇವರೇ. ಪಂಡಿತರು ಆಗ ಊರಿನಲ್ಲಿಯೇ ಇರುವುದು ಅಪೂರ್ವ. ಮೆಟ್ಟಿಲುಸಾಲಿನ ಬುಡದ ಹಲಗೆಯ ಮೇಲೆ ಈ ಜನರ ಹೆಸರು ಒಂದನ್ನೂ ನಾನು ಕಾಣಲಿಲ್ಲ. ವರ್ಷಕ್ಕೊಮ್ಮೆ ಅಳಿಸಿಹೋಗುವ ಹೆಸರುಗಳಿಗಿಂತ ಹೆಚ್ಚು ವರ್ಷ ಆ ಮೆಟ್ಟಿಲುಗಳನ್ನು ಹತ್ತಿಳಿದವರು ಇವರಲ್ಲವೆ?

ಗೃಹಸ್ಥನ ಭೋಜನಕ್ರಮವನ್ನು ಹೇಳುವಾಗ ಸ್ಮೃತಿಯು, ಅತಿಥಿಗಳೂ ಬಂಧುಗಳೂ ಮನೆಯ ಭೃತ್ಯರೂ ಉಂಡ ಮೇಲೆ ಉಳಿದುದನ್ನು ಯಜಮಾನದಂಪತಿಗಳು ಉಣ್ಣತಕ್ಕದ್ದೆಂದು ವಿಧಿಸುತ್ತದೆ. ನಾನು ಬೆಳಿಗ್ಗೆ ಫಲಾಹಾರಕ್ಕೆ ಕುಳಿತ ಭೋಜನಶಾಲೆಯಲ್ಲಿ ಸ್ಥಾಪಕರ ಮತ್ತು ಹಿಂದಿನ ಅಧ್ಯಕ್ಷರ ದೊಡ್ಡ ದೊಡ್ಡ ಚಿತ್ರಗಳಿದ್ದವು. ಒಂದು ಕೊನೆಯಲ್ಲಿ ನೆಲದಿಂದ ಒಂದು ಮೆಟ್ಟಿಲು ಎತ್ತರಕ್ಕೆ ಜಗಲಿಯಿತ್ತು. ಪಾಠಕಾಲದಲ್ಲಿ ಫೆಲೋಗಳು ಕುಳಿತು ಊಟಮಾಡುವ ಮೇಜು ಅದರ ಮೇಲಿತ್ತು. ಅಂದು ಅದು ಬರಿದಾಗಿತ್ತು. ನಮಗೆ ಬಡಿಸಿದವರು ಗೋಡೆಯ ಹತ್ತಿರ ನಿಂತಿದ್ದರು. ಅವರು ಎಲ್ಲ ಮುಗಿದ ಮೇಲೆ ಎಲ್ಲಿ ಉಣ್ಣುವರೆಂದು ಕೇಳಬೇಕೆಂದಿದ್ದೆ, ನನ್ನ ಇಂಗ್ಲಿಷು ಅವರಿಗೂ ಅವರ ಇಂಗ್ಲಿಷು ನನಗೂ ಸರಿಯಾಗಿ ಹೊಂದಲಿಲ್ಲ. ಅತಿಥಿಯು ಬೆಲೆ ಕೊಟ್ಟಿದ್ದಾನೆ, ಯಜಮಾನನು ಅದೃಶ್ಯನಾಗಿದ್ದಾನೆ, ಭೃತ್ಯನು ಯಜಮಾನನ ಕೆಲಸವನ್ನು ಮಾಡುತ್ತಿದ್ದಾನೆ. ಇಂತಹ ಮನೆಯಲ್ಲಿ ಸ್ಮೃತಿಯ ಕ್ರಮವನ್ನು ಹೇಗೆ ಅನ್ವಯಿಸಬೇಕು? ಕೊಟ್ಟ ಬೆಲೆಯು ಕಾಲೇಜಿನ ಸೂರಿಗೆ ಸಂದಿತು. ಅವರ ಪಾಲಿಗೆ ಅತಿಥಿಯಿಂದ ಸಲ್ಲತಕ್ಕದ್ದು ಏನಾದರೂ ಉಳಿದಿದೆಯೋ ಇಲ್ಲವೋ? ಉಳಿದಿದೆಯೆಂದೇ ನನ್ನ ಎಣಿಕೆ. ಧರ್ಮಶಾಸ್ತ್ರವನ್ನು ನನಗಿಂತ ಚೆನ್ನಾಗಿ ಬಲ್ಲ ವಾಚಕರು ಈ ವಿಷಯದಲ್ಲಿ ಬೇರೆ ಅಭಿಪ್ರಾಯವುಳ್ಳವರಾಗಿದ್ದರೆ, ಪ್ರಮಾಣಸಹಿತವಾಗಿ ಮುಂದಿನ ಸಂಚಿಕೆಗೆ ಬರೆದುಕಳುಹಿಸಬೇಕೆಂದು ಪ್ರಾರ್ಥಿಸುತ್ತೇನೆ.